ಅತ್ತೆಗೆ ರಾತ್ರಿ ಮೂರಕ್ಕೇ ಎಚ್ಚರ: ಕಾಲಿನ ಶಕ್ತಿಗೂ ನಿದ್ದೆಗೂ ಸಂಬಂಧ ಇದೆಯಾ?

ಡೊಂಬಿವಲಿ ಸೊಸೆ

ಎಲ್ಲರಿಗೂ ನಮಸ್ಕಾರ. ಅತ್ತೆಯ ವಿಷಯದಲ್ಲಿ ನಿಮ್ಮ ಸಲಹೆ ಬೇಕಿತ್ತು.

ಅವರಿಗೆ 71 ವರ್ಷ. ಮಾವ ಹೋದ ಮೇಲೆ ಕುಂದಾಪುರದ ಕಡೆ ಒಬ್ಬರೇ ಇದ್ದರು. ಈಗ ಮುಂಬೈ ಹತ್ತಿರ ಡೊಂಬಿವಲಿಯಲ್ಲಿ ನಮ್ಮ ಜೊತೆ ಇದ್ದಾರೆ. ಊರಲ್ಲಿ ಬಾವಿ ನೀರು ಸೇದುವುದು, ಅಂಗಳ ಗುಡಿಸುವುದು, ತೋಟದಿಂದ ಮಡಲು ಎಳೆದು ತರುವುದು, ಬಚ್ಚಲ ಒಲೆಗೆ ಬೆಂಕಿ ಹಾಕುವುದು ಎಲ್ಲಾ ಅವರದೇ ಕೆಲಸ. ಇಲ್ಲಿ ಏಳನೇ ಮಹಡಿ. ಲಿಫ್ಟ್ ಇದೆ. ಪಾತ್ರೆ, ಬಟ್ಟೆಗೆ ಕೆಲಸದವಳು ಬರುತ್ತಾಳೆ. ಅತ್ತೆಗೆ ಉಳಿದಿರುವುದು ತರಕಾರಿ ಹೆಚ್ಚುವುದು, ಟಿವಿ ನೋಡುವುದು ಅಷ್ಟೇ.

ಸಂಜೆ ಧಾರಾವಾಹಿ ನೋಡ್ತಾ ಸೋಫಾದಲ್ಲೇ ತೂಕಡಿಸುತ್ತಾರೆ. ಎಂಟೂವರೆಗೆ ಮಲಗಿಬಿಡುತ್ತಾರೆ. ಮೂರಕ್ಕೆ ಎಚ್ಚರ. ಆಮೇಲೆ ಕತ್ತಲಲ್ಲಿ ಕೂತು ಬೆಳಗಾಗುವುದನ್ನು ಕಾಯುವುದು. ನಡುವೆ ಎರಡು ಸಲ ಬಾತ್‌ರೂಮಿಗೆ ಎದ್ದಿರುತ್ತಾರೆ. ಮಧ್ಯಾಹ್ನ ಊಟ ಆದ ಮೇಲೆ ಒಂದೂವರೆ ಗಂಟೆ ನಿದ್ದೆ. ಆದರೂ "ನಂಗೆ ನಿದ್ದೆಯೇ ಇಲ್ಲ ಮಾರಾಯ್ತಿ" ಅಂತ ದಿನಾ ಹೇಳ್ತಾರೆ. ಸೋಫಾದಿಂದ ಏಳಬೇಕಾದರೆ ಎರಡೂ ಕೈ ಊರುತ್ತಾರೆ. ಊರಲ್ಲಿದ್ದಾಗ ಹೀಗಿರಲಿಲ್ಲ. ಬಿಪಿ ಮಾತ್ರೆ ಬಿಟ್ಟರೆ ಬೇರೆ ಔಷಧಿ ಇಲ್ಲ.

ಪಕ್ಕದ ಮನೆಯವರು ತಮ್ಮ ಅಮ್ಮ ತೆಗೆದುಕೊಳ್ಳುವ ನಿದ್ದೆ ಮಾತ್ರೆಯನ್ನೇ ಅರ್ಧ ಕೊಟ್ಟು ನೋಡಿ ಅಂದರು. ನನಗೆ ಧೈರ್ಯ ಬರಲಿಲ್ಲ. ವ್ಯಾಯಾಮ ಮಾಡಿಸಿದರೆ ನಿದ್ದೆ ಬರುತ್ತಾ? ಈ ವಯಸ್ಸಿಗೆ ಏನು ಮಾಡಿಸಬಹುದು?

ಮುಲುಂಡ್ ಸಿಸ್ಟರ್

ತಂಗೀ, ನಾನು ನಿವೃತ್ತ ನರ್ಸ್. ಮೊದಲು ಮಾತ್ರೆ ವಿಷಯ ಮುಗಿಸುತ್ತೇನೆ. ಬೇರೆಯವರ ಮಾತ್ರೆ ಖಂಡಿತ ಬೇಡ. ನಿದ್ದೆಗೆ ಅಂತ ಕೊಡುವ ಅಲ್ಪ್ರಾಜೋಲಾಮ್, ಕ್ಲೊನಾಜೆಪಾಮ್ ಇವೆಲ್ಲ ಒಂದೇ ಗುಂಪಿನವು. ವಯಸ್ಸಾದವರಿಗೆ ಯಾವ ಔಷಧಿ ಅಪಾಯ ಅಂತ ಅಮೆರಿಕದ ವೈದ್ಯರು ಬಿಯರ್ಸ್ ಪಟ್ಟಿ ಅಂತ ಒಂದು ಮಾಡಿದ್ದಾರೆ. 65 ದಾಟಿದವರು ಆದಷ್ಟು ದೂರ ಇಡಬೇಕಾದ ಔಷಧಿಗಳಲ್ಲಿ ಈ ಗುಂಪೂ ಇದೆ. ರಾತ್ರಿ ಎದ್ದಾಗ ಮಂಪರು ಇರುತ್ತದೆ, ಕಾಲು ತಡವರಿಸುತ್ತದೆ. ನಿಮ್ಮ ಅತ್ತೆ ಎರಡು ಸಲ ಏಳುವವರು, ಸೋಫಾದಿಂದಲೇ ಕೈ ಊರಿ ಏಳುವವರು. ಆ ಮಾತ್ರೆ, ಬಲ ಇಲ್ಲದ ಕಾಲು, ಒದ್ದೆ ಟೈಲ್ಸು ಮೂರೂ ಒಂದೇ ರಾತ್ರಿ ಸೇರಿದರೆ ಸೊಂಟದ ಮೂಳೆ ಮುರಿಯುತ್ತದೆ. ಹಾಗೆ ಬಂದ ಎಷ್ಟೋ ಅಜ್ಜಿಯರನ್ನು ವಾರ್ಡಿನಲ್ಲಿ ನೋಡಿಕೊಂಡಿದ್ದೇನೆ. ಕೆಲವರು ಮತ್ತೆ ಒಬ್ಬರೇ ನಡೆಯಲೇ ಇಲ್ಲ. ಮಂಪರು ತರಿಸುವ ಹಳೇ ಕಾಲದ ಅಲರ್ಜಿ ಮಾತ್ರೆಗಳೂ ಅದೇ ಪಟ್ಟಿಯಲ್ಲಿವೆ. ಮೆಡಿಕಲ್ ಸ್ಟೋರಿನವನು ಸುಮ್ನೆ ಕೊಡ್ತಾನೆ ಅಂತ ಅದನ್ನೂ ತರಬೇಡ.

ಪಕ್ಕದ ಮನೆಯ ಅಮ್ಮನಿಗೂ ಒಂದು ಮಾತು ತಲುಪಿಸು. ತುಂಬಾ ದಿನದಿಂದ ತೆಗೆದುಕೊಳ್ಳುತ್ತಿದ್ದರೆ ಒಮ್ಮೆಲೇ ನಿಲ್ಲಿಸಬಾರದು. ಡಾಕ್ಟರ ಹತ್ತಿರ ಹೋಗಿ ನಿಧಾನವಾಗಿ ಇಳಿಸಬೇಕು.

ಈಗ ಲೆಕ್ಕ ಹಾಕು. ರಾತ್ರಿ ಎಂಟೂವರೆಯಿಂದ ಮೂರು ಅಂದರೆ ಆರೂವರೆ ಗಂಟೆ. ಮಧ್ಯಾಹ್ನ ಒಂದೂವರೆ. ಒಟ್ಟು ಎಂಟು! 65 ದಾಟಿದವರಿಗೆ 7ರಿಂದ 8 ಗಂಟೆ ಸಾಕು ಅಂತ ಹೇಳುತ್ತಾರೆ. ನಿಮ್ಮ ಅತ್ತೆಗೆ ನಿದ್ದೆ ಇಲ್ಲ ಅಂತಲ್ಲ. ಇರುವ ನಿದ್ದೆ ಬೇಡದ ಹೊತ್ತಿಗೆ ಖರ್ಚಾಗಿ ಹೋಗುತ್ತಿದೆ.

ವಯಸ್ಸಾದಂತೆ ದೇಹದ ಗಡಿಯಾರ ಮುಂದಕ್ಕೆ ಸರಿಯುತ್ತದೆ. ಬೇಗ ನಿದ್ದೆ, ಬೇಗ ಎಚ್ಚರ. ಜೊತೆಗೆ ನಿದ್ದೆಯ ಹಸಿವು ಅಂತ ಒಂದಿದೆ. ಎದ್ದಿರುವಷ್ಟು ಹೊತ್ತೂ ಮೆದುಳಿನಲ್ಲಿ ಅಡಿನೊಸಿನ್ ಅನ್ನುವ ವಸ್ತು ಕೂಡುತ್ತಾ ಹೋಗುತ್ತದೆ, ಅದೇ ರಾತ್ರಿ ನಿದ್ದೆಗೆ ಎಳೆಯುವುದು. ಮಧ್ಯಾಹ್ನ ಒಂದೂವರೆ ಗಂಟೆ ಮಲಗಿದರೆ ಆ ಹಸಿವು ಅಲ್ಲೇ ತೀರುತ್ತದೆ. ಮಧ್ಯಾಹ್ನದ ನಿದ್ದೆ ಅರ್ಧ ಗಂಟೆಗೆ ಇಳಿಸಿ, ಅದೂ ಮೂರರ ಒಳಗೆ. ಸಂಜೆ ಸೋಫಾದ ತೂಕಡಿಕೆ ಪೂರ್ತಿ ನಿಲ್ಲಬೇಕು. ಸಂಜೆ ಟೀ ಕುಡಿಯುತ್ತಾರಾ? ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು.

ಥಾಣೆ ಮಗ

ಸಿಸ್ಟರ್ ಹೇಳಿದ್ದು ಒಪ್ಪುತ್ತೇನೆ. ಆದರೆ ನಮ್ಮ ಮನೆ ಕಥೆ ಬೇರೆ. ಅಮ್ಮನಿಗೆ 68. ದಿನಾ ಉಪವನ್ ಕೆರೆಯ ಹತ್ತಿರ ವಾಕಿಂಗ್ ಮಾಡುತ್ತಾರೆ. ಆದರೂ ರಾತ್ರಿ ನಡುನಡುವೆ ಎಚ್ಚರ ಆಗುತ್ತದೆ. ಸ್ಮಾರ್ಟ್‌ವಾಚ್ ಕೊಡಿಸಿದ್ದೇನೆ, ಗಾಢ ನಿದ್ದೆ ಕಡಿಮೆ ಅಂತ ದಿನಾ ತೋರಿಸುತ್ತದೆ. ಅದನ್ನು ನೋಡಿ ಅಮ್ಮನಿಗೆ ಇನ್ನೂ ಚಿಂತೆ. ವಯಸ್ಸಾದವರಿಗೆ ಐದು ಗಂಟೆ ಸಾಕು ಅಂತಾನೂ ಕೆಲವರು ಹೇಳ್ತಾರೆ. ಯಾವುದು ನಿಜ?

ಮುಲುಂಡ್ ಸಿಸ್ಟರ್

ಐದು ಗಂಟೆ ಸಾಕು ಅನ್ನುವುದು ತಪ್ಪು. ವಯಸ್ಸಾದ ಮೇಲೆ ನಿದ್ದೆ ಮಾಡುವ ಶಕ್ತಿ ಕಡಿಮೆಯಾಗುತ್ತದೆಯೇ ಹೊರತು ನಿದ್ದೆಯ ಅಗತ್ಯ ಅಷ್ಟೊಂದು ಇಳಿಯುವುದಿಲ್ಲ. ಗಾಢ ನಿದ್ದೆ ಕಡಿಮೆಯಾಗುವುದು ಮಾತ್ರ ವಯಸ್ಸಿನ ಸಹಜ ಬದಲಾವಣೆ. ಅದಕ್ಕೇ ಸಣ್ಣ ಸದ್ದಿಗೂ ಎಚ್ಚರ ಆಗುವುದು. ಹೆಂಗಸರಿಗೆ ಇದರ ಮೇಲೆ ಮುಟ್ಟು ನಿಂತ ಮೇಲಿನ ತೊಂದರೆಗಳೂ ಸೇರುತ್ತವೆ. ಮೈ ಬಿಸಿಯಾಗಿ ಬೆವರುವುದು ಕೆಲವರಿಗೆ ವರ್ಷಗಟ್ಟಲೆ ಮುಂದುವರಿಯುತ್ತದೆ. ನಿದ್ದೆ ಬಾರದ ಕಾಯಿಲೆ ಗಂಡಸರಿಗಿಂತ ಹೆಂಗಸರಿಗೇ ಜಾಸ್ತಿ. "ವಯಸ್ಸಾಯ್ತು, ಹಾಗೇ" ಅಂತ ಮನೆಯವರು ಸುಮ್ಮನಾಗುವುದು ನನಗೆ ತುಂಬಾ ಬೇಸರದ ವಿಷಯ.

ವಾಚು ಕೈಯ ಅಲುಗಾಟ ಮತ್ತು ನಾಡಿ ನೋಡಿ ಅಂದಾಜು ಮಾಡುತ್ತದೆ, ಅಷ್ಟೇ. ಮೆದುಳಿನ ಅಲೆ ಅಳೆಯುವುದಿಲ್ಲ. ಅಮ್ಮನಿಗೆ ಬೆಳಿಗ್ಗೆ ಆ ಅಂಕಿ ತೋರಿಸುವುದು ನಿಲ್ಲಿಸಪ್ಪ. ಹಗಲು ಲವಲವಿಕೆ ಇದೆಯಾ ಅಂತ ಮಾತ್ರ ಕೇಳು.

ಪುಣೆ ಫಿಸಿಯೊ

ಕೊಥ್ರೂಡ್‌ನಲ್ಲಿ ಫಿಸಿಯೊಥೆರಪಿ ಮಾಡುತ್ತೇನೆ. ಹೆಚ್ಚಿನ ರೋಗಿಗಳು 60 ದಾಟಿದ ಹೆಂಗಸರೇ. ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಸೋಫಾದಿಂದ ಕೈ ಊರಿ ಏಳುತ್ತಾರೆ ಅಂದಿರಲ್ಲ ಅಕ್ಕ, ನಿದ್ದೆಯ ಮೂಲ ಅಲ್ಲೂ ಇದೆ. ಊರಲ್ಲಿ ಅತ್ತೆಯವರ ತೊಡೆ, ಸೊಂಟ, ಬೆನ್ನು, ಕೈಗಳಿಗೆ ಬೆಳಗಿನಿಂದ ಭಾರ ಬೀಳುತ್ತಿತ್ತು. ಬಾವಿ ನೀರು ಸೇದುವುದು ಅಂದರೆ ಜಿಮ್ಮಿನಲ್ಲಿ ಹಗ್ಗ ಎಳೆಯುವ ವ್ಯಾಯಾಮವೇ. ಇಲ್ಲಿ ಆ ಭಾರ ಒಂದೇ ಸಲಕ್ಕೆ ನಿಂತಿದೆ. ಸ್ನಾಯು 30ರ ನಂತರ ಹತ್ತು ವರ್ಷಕ್ಕೆ ಸುಮಾರು 3ರಿಂದ 8 ಶೇಕಡಾ ಕರಗುತ್ತದೆ, 60ರ ನಂತರ ಇನ್ನೂ ವೇಗವಾಗಿ. ಕೆಲಸ ನಿಂತರೆ ಮತ್ತೂ ಬೇಗ. ದೇಹ ದಣಿಯದೆ ಇದ್ದರೆ ರಾತ್ರಿ ನಿದ್ದೆ ತೆಳುವಾಗುತ್ತದೆ. ನಿದ್ದೆ ಕೆಟ್ಟರೆ ಮರುದಿನ ಕುರ್ಚಿಯಲ್ಲೇ ಕೂರುತ್ತಾರೆ. ಹೀಗೆ ಒಂದು ಇನ್ನೊಂದನ್ನು ಕೆಡಿಸುತ್ತಾ ಹೋಗುತ್ತದೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಕೈ ಇಲ್ಲದ ಕುರ್ಚಿ, ಸುಮಾರು 43 ಸೆಂಟಿಮೀಟರ್ ಎತ್ತರದ್ದು, ಗೋಡೆಗೆ ಒರಗಿಸಿ ಇಡಿ. ಎರಡೂ ಕೈ ಎದೆಯ ಮೇಲೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತಾರೆ ನೋಡಿ. ನೀವು ಪಕ್ಕದಲ್ಲೇ ನಿಂತಿರಬೇಕು. ಹೆಂಗಸರಲ್ಲಿ 65ರಿಂದ 69ಕ್ಕೆ 11ಕ್ಕಿಂತ ಕಡಿಮೆ, 70ರಿಂದ 79ಕ್ಕೆ 10ಕ್ಕಿಂತ ಕಡಿಮೆ, 80ರಿಂದ 84ಕ್ಕೆ 9ಕ್ಕಿಂತ ಕಡಿಮೆ ಬಂದರೆ ಕಾಲಿನ ಬಲ ಸಾಲದು, ಬೀಳುವ ಅಪಾಯ ಇದೆ ಅಂತ ಅರ್ಥ. ಕೈ ಊರದೆ ಏಳಲೇ ಆಗದಿದ್ದರೆ ಲೆಕ್ಕ ಸೊನ್ನೆ. ಬೇಜಾರು ಬೇಡ, ಅಲ್ಲಿಂದಲೇ ಶುರು ಮಾಡಬಹುದು.

ಥಾಣೆಯ ಅಣ್ಣ ಕೇಳಿದ್ದಕ್ಕೂ ಇಲ್ಲೇ ಉತ್ತರ ಇದೆ. ವಾಕಿಂಗ್ ಹೃದಯಕ್ಕೆ ಒಳ್ಳೆಯದು, ನಿದ್ದೆಗೂ ಒಳ್ಳೆಯದು. ಆದರೆ ಸಮತಟ್ಟು ದಾರಿಯಲ್ಲಿ ಮಾತಾಡುತ್ತಾ ನಡೆದರೆ ತೊಡೆಗೆ ಬಲ ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ 65 ದಾಟಿದವರಿಗೆ ಹೇಳಿದ್ದು ಮೂರು ವಿಷಯ. ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆ. ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ. ಮೂರು ದಿನವಾದರೂ ಸಮತೋಲನದ ಅಭ್ಯಾಸ. ಮೊದಲನೆಯದು ಎಲ್ಲರಿಗೂ ಗೊತ್ತು. ಉಳಿದ ಎರಡನ್ನು ನಮ್ಮ ಅಮ್ಮಂದಿರಿಗೆ ಯಾರೂ ಹೇಳುವುದೇ ಇಲ್ಲ.

ನಿದ್ದೆಗೆ ನಿಜವಾಗಿ ಉಪಯೋಗ ಇದೆಯಾ ಅಂತ ಅನುಮಾನ ಇರುವವರಿಗೆ ಎರಡು ಅಧ್ಯಯನ ಹೇಳುತ್ತೇನೆ. 1997ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನವರು 50ರಿಂದ 76 ವಯಸ್ಸಿನ, ನಿದ್ದೆಯ ದೂರು ಇದ್ದವರಿಗೆ ವಾರಕ್ಕೆ ನಾಲ್ಕು ಸಲ 30ರಿಂದ 40 ನಿಮಿಷ ಬಿರುಸು ನಡಿಗೆ ಮತ್ತು ಹಗುರ ವ್ಯಾಯಾಮ ಮಾಡಿಸಿದರು. 16 ವಾರ ಆದಾಗ ಅವರಿಗೆ ಬೇಗ ನಿದ್ದೆ ಹತ್ತುತ್ತಿತ್ತು, ನಿದ್ದೆ ಮಾಡುವ ಅವಧಿಯೂ ಹೆಚ್ಚಿತ್ತು. ಇನ್ನೊಂದು ನಮ್ಮ ಬೆಂಗಳೂರಿನದೇ, 2005ರದ್ದು. ವೃದ್ಧಾಶ್ರಮದಲ್ಲಿದ್ದವರಿಗೆ ಆರು ತಿಂಗಳು ಯೋಗ ಮಾಡಿಸಿದಾಗ ನಿದ್ದೆ ಹತ್ತುವ ಸಮಯ ಸುಮಾರು 10 ನಿಮಿಷ ಇಳಿಯಿತು, ಒಟ್ಟು ನಿದ್ದೆ ಸುಮಾರು ಒಂದು ಗಂಟೆ ಹೆಚ್ಚಿತು ಅಂತ ಅವರೇ ಹೇಳಿದರು. ನೋಡಿ, 16 ವಾರ, ಆರು ತಿಂಗಳು. ಇವತ್ತು ನಡೆದು ಇವತ್ತೇ ರಾತ್ರಿ ಫಲ ಹುಡುಕಬೇಡಿ. ಹೆಚ್ಚಿನವರು ಎರಡನೇ ವಾರಕ್ಕೇ ಬಿಟ್ಟುಬಿಡುತ್ತಾರೆ. ನನ್ನ ಕೆಲಸದಲ್ಲಿ ಅತಿ ಹೆಚ್ಚು ನೋವು ಕೊಡುವುದು ಇದೇ.

ಘಾಟ್ಕೋಪರ್ ಅಜ್ಜಿ

ಮಗಾ ಫಿಸಿಯೊ, ನೀನು ಹೇಳಿದ್ದು ಸರಿ. ಆದರೆ 74 ವರ್ಷದ ನನ್ನ ಮಾತೂ ಕೇಳಿ. ನಮ್ಮಂಥವರಿಗೆ ವ್ಯಾಯಾಮ ಅಂದರೆ ನಾಚಿಕೆ. ಸೀರೆ ಉಟ್ಟುಕೊಂಡು ಗಾರ್ಡನ್‌ನಲ್ಲಿ ಕೈಕಾಲು ಎತ್ತುವುದು ಹೇಗೆ? "ಅತ್ತೆ, ವ್ಯಾಯಾಮ ಮಾಡಿ" ಅಂತ ಸೊಸೆ ಹೇಳಿದರೆ, ನಾನು ಕೂತು ಉಣ್ಣುತ್ತೇನೆ ಅಂತ ಹೇಳ್ತಿದ್ದಾಳಾ ಅಂತ ಅನಿಸುತ್ತದೆ. ಸೊಸೆ ಒಳ್ಳೆಯವಳೇ ಇದ್ದರೂ ಹಾಗೆ ಅನಿಸುತ್ತದೆ ಮಗಳೇ.

ಅದಕ್ಕೇ ಅವರಿಗೆ ಕೆಲಸ ಕೊಡು. ನಿಜವಾದ ಕೆಲಸ, ಸುಮ್ನೆ ಹೊತ್ತು ಕಳೆಯಲು ಅಲ್ಲ. ಸಂಜೆ ತರಕಾರಿ ತರುವ ಜವಾಬ್ದಾರಿ ಅವರದು ಅನ್ನು. ದುಡ್ಡೂ ಅವರ ಕೈಯಲ್ಲೇ ಇರಲಿ. ತೆಂಗಿನಕಾಯಿ ಆರಿಸುವುದರಲ್ಲಿ ಅವರಷ್ಟು ನಿನಗೆ ಗೊತ್ತಿರಲಿಕ್ಕಿಲ್ಲ, ಅದನ್ನು ಬಾಯಿಬಿಟ್ಟು ಹೇಳು. ಎರಡು ಕೈಗೆ ಎರಡು ಚೀಲ, ಸಮ ಭಾರ.

ಇನ್ನೊಂದು. ಮೂರು ಗಂಟೆಗೆ ಎಚ್ಚರ ಆಗುವುದಕ್ಕೆ ಕಾಲು ಮಾತ್ರ ಕಾರಣ ಅಲ್ಲ. ಗಂಡ ಹೋಗಿ, ಮನೆ ಬಿಟ್ಟು, ಭಾಷೆ ಬೇರೆ ಇರುವ ಕಟ್ಟಡಕ್ಕೆ ಬಂದಿದ್ದಾರೆ. ಬಾವಿಕಟ್ಟೆಯಲ್ಲಿ ಮಾತಾಡುತ್ತಿದ್ದ ಪಕ್ಕದ ಮನೆಯವಳು ಇಲ್ಲಿಲ್ಲ. ನನಗೂ ಹಾಗೇ ಇತ್ತು. ನನ್ನನ್ನು ಎತ್ತಿ ನಿಲ್ಲಿಸಿದ್ದು ಭಜನಾ ಮಂಡಳಿ. ವಾರಕ್ಕೆ ಎರಡು ದಿನ ಸೇರುತ್ತೇವೆ. ಈಗ ಭಜನೆಗೆ ಮೊದಲು ಎಲ್ಲರೂ ಕುರ್ಚಿ ಹಿಡಿದು ಹಿಮ್ಮಡಿ ಎತ್ತುತ್ತೇವೆ, ಎದ್ದು ಕೂರುತ್ತೇವೆ. ಎಲ್ಲರೂ ಸೀರೆಯವರೇ, ಯಾರಿಗೂ ನಾಚಿಕೆ ಇಲ್ಲ. ಡೊಂಬಿವಲಿಯಲ್ಲಿ ನಮ್ಮವರು ಬೇಕಾದಷ್ಟು ಜನ ಇದ್ದಾರೆ. ಹುಡುಕಿದರೆ ಭಜನೆ ಸಿಕ್ಕೇ ಸಿಗುತ್ತದೆ.

ವಾಸ್ಕೋದಿಂದ

ಅಜ್ಜಿ ಹೇಳಿದ್ದು ಮನಸ್ಸಿಗೆ ತಟ್ಟಿತು. ನಾನು ಬೇರೆ ಒಂದು ವಿಷಯ ಸೇರಿಸುತ್ತೇನೆ. ನಮ್ಮ ತಾಯಿಗೆ ಬಹಳ ಕಾಲ ನಿದ್ದೆ ಸರಿಯಿಲ್ಲ ಅಂತ ಮಾತ್ರೆ ಬರೆದುಕೊಟ್ಟರು. ಗೊರಕೆ ಇದೆಯಾ ಅಂತ ಒಬ್ಬ ಡಾಕ್ಟರೂ ಕೇಳಲಿಲ್ಲ. ಬೆಳಿಗ್ಗೆ ತಲೆನೋವು, ಹಗಲೆಲ್ಲ ಸುಸ್ತು. ಕೊನೆಗೆ ಇನ್ನೊಂದು ಕಡೆ ರಾತ್ರಿ ನಿದ್ದೆಯ ಪರೀಕ್ಷೆ ಮಾಡಿಸಿದಾಗ ಗೊತ್ತಾಯಿತು, ನಿದ್ದೆಯಲ್ಲಿ ಉಸಿರು ಆಗಾಗ ನಿಲ್ಲುತ್ತಿತ್ತು. ಸ್ಲೀಪ್ ಆಪ್ನಿಯಾ. ಈಗ ರಾತ್ರಿ ಉಸಿರಾಟಕ್ಕೆ ನೆರವಾಗುವ ಯಂತ್ರದ ಮಾಸ್ಕ್ ಹಾಕಿಕೊಂಡು ಮಲಗುತ್ತಾರೆ, ಮನುಷ್ಯರೇ ಬೇರೆ ಆಗಿದ್ದಾರೆ.

ಇದು ಗಂಡಸರ ಕಾಯಿಲೆ ಅಂತ ಜನ ತಿಳಿದಿದ್ದಾರೆ. ಮುಟ್ಟು ನಿಂತ ಮೇಲೆ ಹೆಂಗಸರಿಗೂ ಇದರ ಅಪಾಯ ಏರುತ್ತದೆ. ಅವರಲ್ಲಿ ಜೋರು ಗೊರಕೆಯ ಬದಲು ನಿದ್ದೆ ಬರಲ್ಲ, ಸುಸ್ತು ಅನ್ನುವ ದೂರೇ ಎದ್ದು ಕಾಣುವುದರಿಂದ ತಪ್ಪಿಹೋಗುತ್ತದೆ. ಅತ್ತೆಯ ಪಕ್ಕ ಒಂದು ರಾತ್ರಿ ಮಲಗಿ ಉಸಿರು ಗಮನಿಸಿ.

ಮುಲುಂಡ್ ಸಿಸ್ಟರ್

ತುಂಬಾ ಒಳ್ಳೆಯ ಮಾತು ಹೇಳಿದಿರಿ. ನಾನೂ ಸ್ವಲ್ಪ ಸೇರಿಸುತ್ತೇನೆ. ಮಲಗಿದಾಗ ಕಾಲು ಜುಮ್ಮೆನ್ನುತ್ತಾ, ಅಲ್ಲಾಡಿಸದೆ ಇರಲು ಆಗುವುದೇ ಇಲ್ಲವಾ? ಹಾಗಿದ್ದರೆ ಕಬ್ಬಿಣದ ಅಂಶ ಪರೀಕ್ಷೆ ಮಾಡಿಸಬೇಕು. ಥೈರಾಯ್ಡ್ ಮಾತ್ರೆ ಡೋಸ್ ಜಾಸ್ತಿಯಾದರೂ ನಿದ್ದೆ ಹಾರುತ್ತದೆ. ಎರಡು ಸಲ ಬಾತ್‌ರೂಮಿಗೆ ಏಳುವುದಕ್ಕೆ ಸಕ್ಕರೆ ಕಾಯಿಲೆ ಇದೆಯಾ ನೋಡಿಸಿ. ಕೆಲವು ಬಿಪಿ ಮಾತ್ರೆಗಳಲ್ಲಿ ಮೂತ್ರ ಹೆಚ್ಚಿಸುವ ಔಷಧಿ ಇರುತ್ತದೆ. ಅತ್ತೆ ಅದನ್ನು ರಾತ್ರಿ ತೆಗೆದುಕೊಳ್ಳುತ್ತಿದ್ದರೆ ಬೆಳಿಗ್ಗೆಗೆ ಬದಲಿಸಬಹುದಾ ಅಂತ ಡಾಕ್ಟರನ್ನೇ ಕೇಳಿ, ನೀವಾಗಿ ಬದಲಿಸಬೇಡಿ. ಸಂಜೆ ಪಾದ ಊದುತ್ತಿದ್ದರೆ, ಮಲಗಿದ ಮೇಲೆ ಆ ನೀರೇ ರಕ್ತಕ್ಕೆ ಮರಳಿ ಮೂತ್ರವಾಗುತ್ತದೆ. ಮಧ್ಯಾಹ್ನವೇ ಸ್ವಲ್ಪ ಹೊತ್ತು ಕಾಲು ಎತ್ತರಕ್ಕೆ ಇಟ್ಟು ಕೂರಲಿ.

ಹಾಸಿಗೆಯಿಂದ ಬಾತ್‌ರೂಮಿನ ತನಕ ಸಣ್ಣ ದೀಪ, ಒಳಗೆ ಹಿಡಿದುಕೊಳ್ಳಲು ಗಟ್ಟಿ ಕಂಬಿ. ಬಾಗಿಲ ಮುಂದಿನ ಕಾಲೊರಸು ಜಾರುವಂತಿದ್ದರೆ ಇವತ್ತೇ ತೆಗೆದುಹಾಕು.

ಡೊಂಬಿವಲಿ ಸೊಸೆ

ಎಲ್ಲರ ಮಾತನ್ನೂ ಯಜಮಾನರಿಗೆ ಓದಿ ಹೇಳಿದೆ. ಕುರ್ಚಿ ಪರೀಕ್ಷೆ ಮಾಡಿಸಿದೆವು. ಹತ್ತಕ್ಕೆ ಮುಟ್ಟಲಿಲ್ಲ. ಅತ್ತೆಗೇ ಆಶ್ಚರ್ಯ. "ಎರಡು ಕೊಡ ನೀರು ಹೊತ್ತವಳು ನಾನು" ಅಂದರು. ಗೊರಕೆ, ಉಸಿರು ನಿಲ್ಲುವುದು ಇಲ್ಲ. ಸಕ್ಕರೆ, ಥೈರಾಯ್ಡ್ ಪರೀಕ್ಷೆಗೆ ಕೊಟ್ಟಿದ್ದೇವೆ.

ಫಿಸಿಯೊ ಅವರೇ, ಮೊಣಕಾಲು ನೋವಿದೆ. ಆದರೂ ಮಾಡಿಸಬಹುದಾ? ಹೊತ್ತು ಯಾವುದು? ಸಂಜೆ ವ್ಯಾಯಾಮ ಮಾಡಿದರೆ ನಿದ್ದೆ ಹೋಗುತ್ತದೆ ಅಂತಾರಲ್ಲ. ಮಳೆಗಾಲದಲ್ಲಿ ಏನು ಮಾಡುವುದು? ನಮ್ಮ ರಸ್ತೆ ಜೂನ್ ಬಂದರೆ ನಡೆಯುವ ಹಾಗೇ ಇರುವುದಿಲ್ಲ.

ಪುಣೆ ಫಿಸಿಯೊ

ಸವೆತದ ಮೊಣಕಾಲಿಗೆ ತೊಡೆಯ ಬಲವೇ ಮದ್ದು ಅಕ್ಕ. ಕೂರಿಸಿಟ್ಟರೆ ನೋವು ಇನ್ನೂ ಹೆಚ್ಚುತ್ತದೆ. ಎತ್ತರದ ಕುರ್ಚಿಯಿಂದ ಶುರು ಮಾಡಿ, ಬೇಕಾದರೆ ಮೇಲೊಂದು ಗಟ್ಟಿ ದಿಂಬು ಇಡಿ. ಮೊದಲು ಕೈ ಊರಿ ಏಳಲಿ, ಆಮೇಲೆ ಒಂದೇ ಕೈ, ಆಮೇಲೆ ಕೈ ಬಿಟ್ಟು. ಕೂರುವಾಗ ಧೊಪ್ಪನೆ ಬೀಳಬಾರದು, ನಿಧಾನವಾಗಿ ಇಳಿಯಬೇಕು. ಆ ಇಳಿಯುವಾಗಲೂ ಬಲ ಬರುತ್ತದೆ. ಎಂಟು ಹತ್ತು ಸಲ, ಸ್ವಲ್ಪ ವಿರಾಮ, ಇನ್ನೊಂದು ಸುತ್ತು. ಕೊನೆಯ ಎರಡು ಸಲ ಕಷ್ಟ ಅನಿಸಬೇಕು, ಇಲ್ಲದಿದ್ದರೆ ಸ್ನಾಯುವಿಗೆ ಅದು ಕೆಲಸವೇ ಅಲ್ಲ. ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು. ಗೋಡೆಗೆ ಕೈ ಒತ್ತಿ ದೂಡುವುದು. ಸಮತೋಲನಕ್ಕೆ ಒಂದು ಪಾದದ ಮುಂದೆ ಇನ್ನೊಂದು ಪಾದ ತಾಗಿಸಿ ನಿಲ್ಲುವುದು. ಹತ್ತು ಸೆಕೆಂಡ್ ನಿಲ್ಲಲು ಆಗದಿದ್ದರೆ ಅದೂ ಬೀಳುವ ಅಪಾಯದ ಸೂಚನೆ. ಕಟ್ಟೆಯ ಪಕ್ಕದಲ್ಲೇ ಮಾಡಿಸಿ. ಉಸಿರು ಬಿಗಿ ಹಿಡಿಯಬಾರದು, ಬಿಪಿ ಏರುತ್ತದೆ. ಎದೆನೋವು, ತಲೆ ಸುತ್ತು ಬಂದರೆ ನಿಲ್ಲಿಸಿ ಡಾಕ್ಟರಿಗೆ ತೋರಿಸಿ.

ಹೊತ್ತಿನ ವಿಷಯ. ಎಲ್ಲರೂ ಬೆಳಗಿನ ವಾಕಿಂಗ್ ಅಂತಾರೆ. ನಿಮ್ಮ ಅತ್ತೆಗೆ ನಾನು ಸಂಜೆಯೇ ಹೇಳುತ್ತೇನೆ. ಅವರ ಗಡಿಯಾರ ಈಗಾಗಲೇ ಮುಂದೆ ಓಡಿದೆ. ನಸುಕಿನ ಬೆಳಕು ಅದನ್ನು ಇನ್ನೂ ಮುಂದೆ ತಳ್ಳುತ್ತದೆ, ಸಂಜೆಯ ಬೆಳಕು ಹಿಂದಕ್ಕೆ ಎಳೆಯುತ್ತದೆ. ಮುಂಬೈಯಲ್ಲಿ ಡಿಸೆಂಬರಿನಲ್ಲಿ ಆರಕ್ಕೇ ಸೂರ್ಯ ಮುಳುಗುತ್ತಾನೆ, ಜೂನ್‌ನಲ್ಲಿ ಏಳೂಕಾಲರ ತನಕ ಇರುತ್ತಾನೆ. ಅದಕ್ಕೆ ತಕ್ಕಂತೆ ಐದರ ಸುಮಾರಿಗೆ ಕೆಳಗೆ ಇಳಿಸಿ. ಅಜ್ಜಿ ಹೇಳಿದ ತರಕಾರಿ ಕೆಲಸ ಆ ಹೊತ್ತಿಗೇ ಇರಲಿ. ಸೋಫಾದ ತೂಕಡಿಕೆಯೂ ತಪ್ಪುತ್ತದೆ. ಮಧ್ಯಮ ವೇಗದ ಸಂಜೆ ವ್ಯಾಯಾಮದಿಂದ ಹೆಚ್ಚಿನವರ ನಿದ್ದೆ ಕೆಡುವುದಿಲ್ಲ. ಮಲಗುವ ಮುಂಚಿನ ಒಂದು ಗಂಟೆಯಲ್ಲಿ ಬಿರುಸಾಗಿ ಮಾಡಬಾರದು, ಅಷ್ಟೇ. ಮಲಗುವ ಹೊತ್ತನ್ನು ವಾರಕ್ಕೆ ಕಾಲು ಗಂಟೆಯಂತೆ ಮುಂದೂಡಿ ಹತ್ತರ ತನಕ ತನ್ನಿ.

ಮಳೆಗಾಲಕ್ಕೆ ಕಟ್ಟಡದ ಕೆಳಗಿನ ಪಾರ್ಕಿಂಗ್ ಜಾಗ, ಮಹಡಿಯ ಉದ್ದನೆಯ ಪ್ಯಾಸೇಜ್. ಮೆಟ್ಟಿಲು ಕಂಬಿ ಹಿಡಿದು ಒಂದು ಮಹಡಿ ಹತ್ತಲಿ, ಇಳಿಯಲು ಲಿಫ್ಟ್. ಮೊಣಕಾಲಿಗೆ ಹೊರೆ ಇಳಿಯುವಾಗಲೇ ಜಾಸ್ತಿ.

ಊಟದ ಕಡೆಗೂ ನೋಡಿ. ಪ್ರೋಟೀನ್ ಇಲ್ಲದೆ ಸ್ನಾಯು ಕಟ್ಟುವುದಿಲ್ಲ. ವಯಸ್ಸಾದವರಿಗೆ ತೂಕದ ಪ್ರತಿ ಕಿಲೋಗೆ 1ರಿಂದ 1.2 ಗ್ರಾಂ ಬೇಕು. 55 ಕಿಲೋ ಇದ್ದರೆ ದಿನಕ್ಕೆ 55ರಿಂದ 66 ಗ್ರಾಂ. ಗಂಜಿ, ಉಪ್ಪಿನಕಾಯಿಯಲ್ಲಿ ಅದು ಸಿಗುವುದಿಲ್ಲ. ಮೀನು, ಮೊಟ್ಟೆ, ಹೆಸರುಕಾಳು, ಮೊಸರು ಯಾವುದು ಇಷ್ಟವೋ ಅದನ್ನು ಮೂರೂ ಹೊತ್ತು ಹಂಚಿ ಕೊಡಿ. ಕಿಡ್ನಿ ತೊಂದರೆ ಇದ್ದವರು ಮಾತ್ರ ಮೊದಲು ಡಾಕ್ಟರನ್ನು ಕೇಳಬೇಕು.

ಥಾಣೆ ಮಗ

ಇದನ್ನು ಓದಿ ಅಮ್ಮನಿಗೂ ಕುರ್ಚಿ ಪರೀಕ್ಷೆ ಮಾಡಿಸಿದೆ. ದಿನಾ ನಡೆಯುವವರಿಗೂ ಸುಲಭ ಆಗಲಿಲ್ಲ! ವಾಚ್ ಬಿಚ್ಚಿಟ್ಟಿದ್ದೇವೆ. ಒಂದು ಪ್ರಶ್ನೆ ಸಿಸ್ಟರ್. ನಡುರಾತ್ರಿ ಎಚ್ಚರವಾಗಿ ನಿದ್ದೆ ಹತ್ತದಿದ್ದರೆ ಮಲಗಿಕೊಂಡೇ ಇರಬೇಕಾ? ನಮ್ಮ ಏರಿಯಾದಲ್ಲಿ ಹಬ್ಬ ಬಂದರೆ ಧ್ವನಿವರ್ಧಕ ಬೇರೆ.

ಮುಲುಂಡ್ ಸಿಸ್ಟರ್

ಸುಮಾರು ಇಪ್ಪತ್ತು ನಿಮಿಷ ಆದರೂ ನಿದ್ದೆ ಹತ್ತದಿದ್ದರೆ ಎದ್ದು ಮಂದ ಬೆಳಕಿನಲ್ಲಿ ಕೂರಲಿ. ಗಡಿಯಾರ ನೋಡಬಾರದು, ಮೊಬೈಲ್ ಬೇಡ. ಜಪ ಮಾಡಲಿ, ಬತ್ತಿ ಹೊಸೆಯಲಿ. ಕಣ್ಣು ಎಳೆದಾಗ ಮತ್ತೆ ಹಾಸಿಗೆಗೆ. ಏಳುವ ಹೊತ್ತು ಮಾತ್ರ ದಿನಾ ಒಂದೇ ಇರಬೇಕು. ದೀರ್ಘ ಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಇಂಥ ಅಭ್ಯಾಸ ಬದಲಿಸುವ ಚಿಕಿತ್ಸೆ ಕೊಡಬೇಕು ಅಂತ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ ಅನ್ನುವ ವೈದ್ಯರ ಸಂಘ 2016ರಲ್ಲೇ ಹೇಳಿದೆ. ಸಿಬಿಟಿ-ಐ ಅಂತಾರೆ, ಮನೋವೈದ್ಯರನ್ನು ಕೇಳಿದರೆ ಹೇಳುತ್ತಾರೆ.

ಧ್ವನಿವರ್ಧಕಕ್ಕೆ 2000ರ ನಿಯಮ ಇದೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ ನಿಷೇಧ. ಹಬ್ಬದ ಕೆಲವೇ ದಿನ ಸರ್ಕಾರ ಹನ್ನೆರಡರ ತನಕ ಬಿಡಬಹುದು. ಉಳಿದ ದಿನ ಪೊಲೀಸರಿಗೆ ಹೇಳುವ ಹಕ್ಕು ನಮಗಿದೆ.

ಡೊಂಬಿವಲಿ ಸೊಸೆ

ಕೆಲವು ವಾರ ಬಿಟ್ಟು ಬರೆಯುತ್ತಿದ್ದೇನೆ. ಸಂಜೆ ಮಾರ್ಕೆಟ್ ಅತ್ತೆಯದೇ ಆಗಿದೆ. ಮೀನಿನವಳ ಜೊತೆ ಕೈಸನ್ನೆಯಲ್ಲೇ ಚೌಕಾಸಿ, ಈಗ ನಾಲ್ಕು ಮರಾಠಿ ಮಾತೂ ಕಲಿತಿದ್ದಾರೆ. ಮಲಗುವುದು ಒಂಬತ್ತೂವರೆಗೆ ಬಂದಿದೆ. ಎಚ್ಚರ ನಾಲ್ಕರ ಮೇಲೆ. ಇನ್ನೂ ಒಂದು ಸಲ ಬಾತ್‌ರೂಮಿಗೆ ಏಳುತ್ತಾರೆ. ಕುರ್ಚಿಯಿಂದ ಕೈ ಬಿಟ್ಟು ಏಳುತ್ತಾರೆ, ನಿಧಾನ. ಭಜನೆಗೆ ಕರೆದುಕೊಂಡು ಹೋದೆ ಅಜ್ಜಿ, ಊರಿನ ಕಡೆಯವರೇ ಒಬ್ಬರು ಸಿಕ್ಕಿದರು. ಅವತ್ತು ರಾತ್ರಿ ಮಾತು ಮುಗಿಯಲೇ ಇಲ್ಲ.

ಭಜನೆಯಲ್ಲಿ ಚಾಪೆ ಮೇಲೆ ಕೂರಬೇಕು ಅಂತ ಅವರಿಗೆ ಆಸೆ. ಕೂರುತ್ತಾರೆ, ಏಳಲು ಆಗುವುದಿಲ್ಲ. ಏನು ಮಾಡಲಿ?

ಪುಣೆ ಫಿಸಿಯೊ

ಕೇಳಿ ತುಂಬಾ ಖುಷಿ ಆಯಿತು ಅಕ್ಕ. ನೆಲದಿಂದ ಏಳುವುದನ್ನು ಮನೆಯಲ್ಲಿ ಹಾಸಿಗೆಯ ಪಕ್ಕ ಕಲಿಸಿ. ನೇರ ಏಳಲು ನೋಡಬಾರದು. ಮೊದಲು ಒಂದು ಮಗ್ಗುಲಿಗೆ ವಾಲಿ ಕೈ ಊರಬೇಕು. ಅಲ್ಲಿಂದ ಎರಡೂ ಮಂಡಿ, ಎರಡೂ ಅಂಗೈ ನೆಲಕ್ಕೆ. ಮಂಡಿ ಕೆಳಗೆ ಮಡಿಸಿದ ಕಂಬಳಿ ಇರಲಿ. ಹತ್ತಿರದ ಗಟ್ಟಿ ಕುರ್ಚಿಗೆ ಕೈ ಇಟ್ಟು, ಬಲ ಇರುವ ಕಾಲಿನ ಪಾದವನ್ನು ಮುಂದೆ ಊರಿ, ಆ ಕಾಲಿನ ಮೇಲೆ ಭಾರ ಹಾಕಿ ಏಳಬೇಕು. ಎದ್ದ ಮೇಲೆ ಕುರ್ಚಿ ಬಿಡದೆ ಒಂದು ಕ್ಷಣ ನಿಲ್ಲಬೇಕು, ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ತಲೆ ಸುತ್ತಬಹುದು. ಮೊದಲು ಗಿಡ್ಡ ಸ್ಟೂಲಿನಿಂದ ಅಭ್ಯಾಸ ಆಗಲಿ, ಆಮೇಲೆ ನೆಲ. ಮೂಳೆ ಟೊಳ್ಳಾಗುವ ತೊಂದರೆ (ಆಸ್ಟಿಯೊಪೊರೋಸಿಸ್) ಇದೆ ಅಂತ ಡಾಕ್ಟರು ಹೇಳಿದ್ದರೆ ಬೆನ್ನು ಬಾಗಿಸಿ ಮುಂದಕ್ಕೆ ಬಗ್ಗುವ ವ್ಯಾಯಾಮ ಬೇಡ. ಅದು ಕಲಿಯುವ ತನಕ ಭಜನೆಯಲ್ಲಿ ಗೋಡೆ ಬದಿಯ ಜಾಗ ಹಿಡಿಯಿರಿ, ಪಕ್ಕದಲ್ಲೊಂದು ಕುರ್ಚಿ ಇರಲಿ.

ಘಾಟ್ಕೋಪರ್ ಅಜ್ಜಿ

ನಮ್ಮ ಮಂಡಳಿಯಲ್ಲಿ ಅರ್ಧ ಜನ ಕುರ್ಚಿಯಲ್ಲೇ ಕೂತು ಹಾಡುತ್ತಾರೆ ಮಗಳೇ. ಅತ್ತೆಗೆ ಸಂಕೋಚ ಬೇಡ ಅಂತ ಹೇಳು. ಈ ಕಡೆ ಬಂದರೆ ನಮ್ಮಲ್ಲಿಗೂ ಕರೆದುಕೊಂಡು ಬಾ.